ಸೀಟು ಸಿಗಲ್ಲ ಅಂದವರು ಯಾರು?

ಅರ್ಜಿ ಹಾಕುವ ಕಾಲ ಬಂತು ಅಂದರೆ ಸಾಕು, ಮನೆ ಮನೆಯಲ್ಲೂ ಒಂದೇ ಮಾತು. "ಸರ್ಕಾರಿ ಯೂನಿವರ್ಸಿಟಿನಾ? ಅಯ್ಯೋ ಬಿಡಿ, ಅಲ್ಲಿ ನಮ್ಮಂಥವರಿಗೆ ಎಲ್ಲಿ ಸೀಟು ಸಿಗುತ್ತೆ!" ಯಾರು ಹೇಳಿದ್ದು ಅಂತ ಕೇಳಿ ನೋಡಿ. ಪಕ್ಕದ ಮನೆಯವರು. ಅವರಿಗೆ ಯಾರು ಹೇಳಿದ್ದು? ಅವರ ಪಕ್ಕದ ಮನೆಯವರು. ಹೀಗೆ ಮನೆಯಿಂದ ಮನೆಗೆ ಅಲೆದು ಅಲೆದು ಆ ಮಾತು ಕೊನೆಗೆ ಫೋಟೋ ಮಾಮನ ಸ್ಟುಡಿಯೋಗೆ ಬಂದು ಕಾಲು ಚಾಚಿ ಕೂತುಬಿಟ್ಟಿತ್ತು.

ಸ್ಟುಡಿಯೋ ಇರುವುದು ಔಷಧಿ ಅಂಗಡಿಗೂ ಟೈರ್ ಅಂಗಡಿಗೂ ನಡುವೆ. ಇಬ್ಬರು ಎದುರುಬದುರಾದರೆ ಒಬ್ಬರು ಬೀದಿಗೆ ಇಳಿಯಬೇಕು, ಅಷ್ಟು ಇಕ್ಕಟ್ಟು. ಮುಂದೆ ಗಾಜಿನ ಕೌಂಟರ್. ಪರದೆ ಸರಿಸಿ ಒಳಗೆ ಹೋದರೆ ಒಂದು ಸ್ಟೂಲು, ಗೋಡೆಗೆ ಬಿಳಿ ಬಟ್ಟೆ, ಎರಡು ಕಡೆ ಛತ್ರಿ ಕಟ್ಟಿದ ದೀಪ. ಮಾಮ ಫೋಟೋ ತೆಗೆದು ಪ್ರಿಂಟ್ ಹಾಕಿದರೆ, ಹೆಂಡತಿ ಕೌಂಟರಿನಲ್ಲಿ ನಿಂತು ಅಂಚು ಕತ್ತರಿಸಿ ಪುಟ್ಟ ಕವರಿಗೆ ತುಂಬುತ್ತಾಳೆ. ಮದುವೆ ಗಿದುವೆಗೆ ಈಗ ಮಾಮನನ್ನು ಕರೆಯುವವರು ಕಡಿಮೆ, ಎಲ್ಲರ ಕೈಯಲ್ಲೂ ಫೋನಿದೆಯಲ್ಲ. ಆದರೆ ಅರ್ಜಿಗೆ ಹಾಕುವ ಫೋಟೋ ಅಂದರೆ ಊರಿಗೆಲ್ಲ ಇವನೇ ಗತಿ. ಎರಡೂ ಕಿವಿ ಕಾಣಬೇಕು, ಹಿಂದೆ ಬಿಳಿ ಇರಬೇಕು, ಹಲ್ಲು ಬಿಡಬಾರದು. ಜೊತೆಗೆ ಯೂನಿವರ್ಸಿಟಿಯವರದ್ದು ಒಂದು ಕಟ್ಟುನಿಟ್ಟು: ಹಳೇ ಫೋಟೋ ನಡೆಯಲ್ಲ, ಈ ವರ್ಷದ್ದೇ ಆಗಬೇಕು.

ಮಾಮನಿಗೆ ಹೆಸರು ನೆನಪಿರುವುದಿಲ್ಲ. ಮುಖ ಮಾತ್ರ ಒಮ್ಮೆ ಆ ಸ್ಟೂಲಿನ ಮೇಲೆ ಕೂತಿತೋ, ಮುಗಿಯಿತು, ಅವನು ಮರೆಯುವ ಆಸಾಮಿಯೇ ಅಲ್ಲ. ಅದೇ ಅವನ ಹೆಮ್ಮೆ, ಅದೇ ಅವನ ತಲೆನೋವು.

"ನೋಡಿದ್ಯಾ, ಆ ಗುಂಗುರು ಕೂದಲಿನವನು ಹೋದ ವರ್ಷನೂ ಬಂದಿದ್ದ," ಅಂತ ಹೆಂಡತಿಯ ಕಿವಿಯಲ್ಲಿ ಹೇಳುವುದು. "ಸಿಕ್ಕಿಲ್ಲ, ಪಾಪ. ಮತ್ತೆ ಹಾಕ್ತಿದ್ದಾನೆ."

ಇನ್ನೊಬ್ಬಳು ಬಂದು ಹೋದ ಮೇಲೆ, "ಈ ಕನ್ನಡಕದ ಹುಡುಗಿದೂ ಎರಡನೇ ಸಲ. ಇವರಿಗೇ ಹೀಗಾದ್ರೆ ಇನ್ನು ಬೇರೆಯವರ ಪಾಡೇನು?"

"ನಿಮಗ್ಯಾಕ್ರೀ ಊರ ಉಸಾಬರಿ? ಫೋಟೋ ತೆಗೀರಿ ಸುಮ್ನೆ," ಅನ್ನುತ್ತಿದ್ದಳು ಹೆಂಡತಿ.

ಸುಮ್ಮನಿರುವವನಾದರೆ ಫೋಟೋ ಮಾಮ ಯಾಕಾಗುತ್ತಿದ್ದ? ಸ್ಟೂಲಿನ ಮೇಲೆ ಕೂತ ಮಕ್ಕಳ ಮುಂದೆಯೇ ಶುರು ಹಚ್ಚಿಕೊಳ್ಳುತ್ತಿದ್ದ. "ಹಾಕು ಮಗಾ, ಹಾಕು. ಆದ್ರೆ ಆಸೆ ಇಟ್ಕೋಬೇಡ. ನಾನು ವರ್ಷಾನುಗಟ್ಟಲೆಯಿಂದ ನೋಡ್ತಿದ್ದೀನಿ, ಎಲ್ಲರೂ ವಾಪಸ್ ಬರ್ತಾರೆ." ನಗಬಾರದ ಫೋಟೋಗೆ ಇದೊಂದು ಅನುಕೂಲವೇ ಆಗಿತ್ತು ಬಿಡಿ, ಯಾವ ಮಗುವೂ ನಗುತ್ತಿರಲಿಲ್ಲ. ಸಾಲದ್ದಕ್ಕೆ ಆ ವರ್ಷ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂತು: ನೂರು ಅರ್ಜಿಗೆ ಆರೇ ಸೀಟು! ಮಾಮ ಅದನ್ನು ಕತ್ತರಿಸಿ ಕೌಂಟರಿನ ಗಾಜಿನಡಿ ಇಟ್ಟ. "ನಾನು ಹೇಳಲಿಲ್ವಾ?" ಅಂತ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಇದನ್ನೆಲ್ಲ ದಿನಾ ಕೇಳಿಸಿಕೊಳ್ಳುವ ಜೀವ ಇನ್ನೊಂದಿತ್ತು. ಅವನ ಒಬ್ಬಳೇ ಮಗಳು.

ಆ ಹುಡುಗಿಗೆ ಕಲ್ಲಿನ ಹುಚ್ಚು. ಎಲ್ಲಿ ಹೋದರೂ ಒಂದು ಕಲ್ಲು ಆರಿಸಿಕೊಂಡು ಬರುವುದು, ಕಿಟಕಿಯಲ್ಲಿ ಸಾಲಾಗಿ ಜೋಡಿಸುವುದು. ಅವಳ ಜೇಬು ನೋಡದೆ ಬಟ್ಟೆ ನೆನೆಹಾಕಿದರೆ ಬಕೀಟಿನ ತಳದಲ್ಲಿ ಕಲ್ಲು. "ಇವಳನ್ನ ಮದುವೆ ಆಗೋನು ಮನೆ ಕಟ್ಟೋಕೆ ಕಲ್ಲು ತರಿಸೋ ಹಾಗಿಲ್ಲ," ಅಂತ ತಾಯಿ ಗೊಣಗುತ್ತಿದ್ದಳು. ಭೂಗರ್ಭಶಾಸ್ತ್ರ ಓದಬೇಕು, ಅದೂ ಸರ್ಕಾರಿ ಯೂನಿವರ್ಸಿಟಿಯಲ್ಲೇ ಓದಬೇಕು ಅನ್ನುವುದು ಅವಳ ಆಸೆ. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಅಂಕ ಚೆನ್ನಾಗಿಯೇ ಬಂದಿತ್ತು. ಬೀದಿಯಲ್ಲಿ ಬ್ಯಾನರ್ ಕಟ್ಟುವಷ್ಟಲ್ಲ, ತಲೆ ತಗ್ಗಿಸುವಷ್ಟೂ ಅಲ್ಲ.

"ಅಪ್ಪಾ, ನಾನೂ ಅರ್ಜಿ ಹಾಕ್ಲಾ?" ಅಂತ ಒಂದು ದಿನ ಕೇಳಿದ್ದಳು.

ಮಗಳು ಆಸೆ ಪಟ್ಟು, ಸಿಗದೆ, ಮುಂದಿನ ವರ್ಷ ಇದೇ ಸ್ಟೂಲಿನ ಮೇಲೆ ಬಾಡಿದ ಮುಖ ಹೊತ್ತು ಕೂರುವುದು ಮಾಮನ ಕಣ್ಣಿಗೆ ಕಟ್ಟಿದ ಹಾಗಾಯಿತು. "ಬೇಡ ಕಂದಾ. ಅಲ್ಲಿ ಯಾರಿಗೂ ಸಿಗಲ್ಲ. ನಮ್ಮ ಬೀದಿ ಕೊನೇಲಿ ಆ ಖಾಸಗಿ ಸಂಸ್ಥೆ ಇದೆಯಲ್ಲ, ಅಲ್ಲಿ ಲೆಕ್ಕಪತ್ರದ ಕೋರ್ಸಿಗೆ ಸೇರ್ಕೋ. ಕರೆದು ಕೊಡ್ತಾರೆ," ಅಂದುಬಿಟ್ಟ. ಅವಳು ಸರಿ ಅಂದಳು. ಜಗಳ ಆಡಿದ್ದರಾದರೂ ಚೆನ್ನಾಗಿತ್ತು. ಸರಿ ಅಂದವಳು ಆಮೇಲೆ ಮಾತು ಕಡಿಮೆ ಮಾಡಿದಳು. ಹೊಸ ಕಲ್ಲು ತರುವುದನ್ನೂ ನಿಲ್ಲಿಸಿದಳು.

ಯೂನಿವರ್ಸಿಟಿ ಅರ್ಜಿಗೆ ಶುಕ್ರವಾರ ಕೊನೆಯ ದಿನ. ಗುರುವಾರ ಮಧ್ಯಾಹ್ನ ಬಸ್ಸಿಳಿದು ಬಂದಳು ಮಾಮನ ಅಕ್ಕ.

ಅಕ್ಕ ಅಂದರೆ ಸಾಮಾನ್ಯದವಳಲ್ಲ. ಅದೇ ಯೂನಿವರ್ಸಿಟಿಯ ಪ್ರವೇಶ ವಿಭಾಗದಲ್ಲಿ ಅಧಿಕಾರಿ. ಕಚೇರಿಯ ಗುರುತಿನ ಚೀಟಿಗೆ ಹೊಸ ಫೋಟೋ ಬೇಕಿತ್ತು, ತಮ್ಮನ ಸ್ಟುಡಿಯೋ ಇರುವಾಗ ಬೇರೆ ಕಡೆ ಯಾಕೆ ಅಂತ ರಜೆ ಹಾಕಿ ಬಂದಿದ್ದಳು. ಇಂಥ ಅಕ್ಕ ಇದ್ದೂ ಈ ಮಹಾರಾಯ ಒಂದು ಮಾತು ಕೇಳಿರಲಿಲ್ಲವೇ ಅಂತ ನೀವು ಬೈಯಬಹುದು. ಕೇಳಿರಲಿಲ್ಲ. ಕೇಳಿದರೆ ಶಿಫಾರಸು ಕೇಳಿದ ಹಾಗಾಗುತ್ತದೆ, ಅಕ್ಕನ ಮರ್ಯಾದೆ ಏನಾಗಬೇಕು ಅನ್ನುವುದು ಅವನ ಸಂಕೋಚ.

ಸ್ಟೂಲಿನ ಮೇಲೆ ಕೂತ ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಾ ಕೇಳಿದಳು, "ಎಲ್ಲೋ ನನ್ನ ಮುದ್ದಿನ ಸೊಸೆ? ಅರ್ಜಿ ಹಾಕಿದ್ಲಾ?"

"ಇಲ್ಲ ಅಕ್ಕ. ನಿಮ್ಮ ಯೂನಿವರ್ಸಿಟಿ ಸಹವಾಸ ನಮಗ್ಯಾಕೆ ಅಂತ."

"ಯಾಕೆ, ನಮ್ಮ ಯೂನಿವರ್ಸಿಟಿ ನಿನಗೇನು ಮಾಡಿತು?"

"ಸೀಟು ಕೊಡಲ್ವಲ್ಲ, ಅದನ್ನ ಮಾಡಿತು." ಮಾಮ ಕ್ಯಾಮೆರಾ ಬಿಟ್ಟು ಹೊರಗೆ ಹೋಗಿ ಗಾಜಿನಡಿಯ ಪೇಪರ್ ತುಂಡು ತಂದು ಕೈಗಿಟ್ಟ. "ನೋಡು, ನೂರಕ್ಕೆ ಆರು."

ಅಕ್ಕ ಓದಿದಳು. ಓದಿ ನಕ್ಕಳು. "ಲೋ, ಕೆಳಗಿನ ಸಣ್ಣಕ್ಷರ ಯಾರು ಓದ್ತಾರೆ? ನಿನ್ನ ಕತ್ತರಿ ಅದನ್ನೇ ಅರ್ಧ ನುಂಗಿದೆ. ಇದು ವೈದ್ಯಕೀಯ ವಿಭಾಗದ ಲೆಕ್ಕ ಕಣೋ. ಅಲ್ಲಿ ಕಷ್ಟ, ಇಲ್ಲ ಅನ್ನಲ್ಲ. ಆದ್ರೆ ಯೂನಿವರ್ಸಿಟಿ ಅಂದ್ರೆ ಅದೊಂದೇನಾ? ಇನ್ನೂ ಎಷ್ಟೊಂದು ವಿಭಾಗ ಇದೆ."

"ಅಲ್ಲೆಲ್ಲ ಸುಲಭ ಅಂತೀಯಾ?"

"ಸುಲಭ ಅನ್ನಲ್ಲ. ನೀನು ಅಂದ್ಕೊಂಡಿರೋ ಹಾಗಿಲ್ಲ ಅಂತೀನಿ. ಈ ಅರ್ಜಿ ಲೆಕ್ಕ ಇದೆಯಲ್ಲ, ಅದರಲ್ಲೇ ಜನ ದಾರಿ ತಪ್ಪೋದು. ಒಬ್ಬ ಹುಡುಗ ನಾಲ್ಕು ವಿಭಾಗಕ್ಕೆ ಹಾಕಿದ್ರೆ ನಾಲ್ಕು ಅರ್ಜಿ. ಕೂರೋಕೆ ಅವನಿಗೆ ಬೇಕಾಗಿರೋದು ಒಂದೇ ಬೆಂಚು, ಅಲ್ವಾ? ಇನ್ನು ಅರ್ಧಂಬರ್ಧ ತುಂಬಿ ಬಿಟ್ಟಿರೋರು. ಅಂಕಪಟ್ಟಿ ಹಾಕಿರಲ್ಲ, ಸಹಿ ಹಾಕಿರಲ್ಲ. ಅವೂ ಬಂದ ಅರ್ಜಿ ಅಂತಲೇ ಲೆಕ್ಕ. ಅವನ್ನೆಲ್ಲ ಪಕ್ಕಕ್ಕಿಟ್ಟು, ಪೂರ್ತಿ ಅರ್ಜಿ ಹಾಕಿದ, ಬೇಕಾದಷ್ಟು ಅಂಕ ಇರೋ ಮಕ್ಕಳನ್ನ ಮಾತ್ರ ನೋಡು. ನಮ್ಮಲ್ಲಿ ಮುಕ್ಕಾಲು ಪಾಲು ವಿಭಾಗಗಳಲ್ಲಿ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೀಟು ಸಿಗುತ್ತೆ."

ಮಾಮ ಮೂಗು ಮುರಿದ. "ಅಕ್ಕ, ನೀನು ಆಫೀಸಲ್ಲಿ ಕೂತು ಮಾತಾಡ್ತೀಯ. ನಾನು ಕಣ್ಣಾರೆ ನೋಡಿದ್ದೀನಿ. ವರ್ಷ ವರ್ಷ ಅವೇ ಮುಖ ವಾಪಸ್ ಬರ್ತವೆ. ಸೀಟು ಸಿಕ್ಕಿದ ಒಂದೇ ಒಂದು ಮುಖ ನನ್ನ ಸ್ಟುಡಿಯೋಗೆ ಬಂದಿಲ್ಲ, ಗೊತ್ತಾ?"

ಅಕ್ಕ ಅವನನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದಾನೋ ನಿಜ ಹೇಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಆಮೇಲೆ ನಿಧಾನವಾಗಿ ಕೇಳಿದಳು, "ಅವರು ಯಾಕೆ ಬರ್ತಾರೋ?"

"ಅಂದ್ರೆ?"

"ಸೀಟು ಸಿಕ್ಕಿದವರಿಗೆ ಮತ್ತೆ ಅರ್ಜಿ ಫೋಟೋ ಯಾಕೆ ಬೇಕು? ಅವರು ಬೇರೆ ಊರಲ್ಲಿ ಹಾಸ್ಟೆಲಲ್ಲಿ ಕೂತು ಓದ್ತಿರ್ತಾರೆ. ಸಿಗದೇ ಇರೋರು ತಾನೆ ಹೊಸ ಫೋಟೋ ಅಂತ ನಿನ್ನ ಹತ್ರ ಬರೋದು? ನೀನು ಬಾಗಿಲಲ್ಲಿ ಕೂತು ವಾಪಸ್ ಬಂದೋರನ್ನ ಮಾತ್ರ ಎಣಿಸಿ, ಹೋದವರೇ ಇಲ್ಲ ಅಂತಿದ್ದೀಯಲ್ಲೋ!"

ಮಾಮ ಪೇಪರ್ ತುಂಡನ್ನು ವಾಪಸ್ ತಗೊಂಡು ಮತ್ತೊಮ್ಮೆ ನೋಡಿದ.

"ನಿನಗೆ ಮುಖ ಮರೆಯಲ್ಲ ಅಂತೀಯಲ್ಲ," ಅಂದಳು ಅಕ್ಕ. "ಹೋದ ವರ್ಷ, ಅದರ ಹಿಂದಿನ ವರ್ಷ ಇಲ್ಲಿ ಕೂತವರನ್ನ ನೆನಪು ಮಾಡ್ಕೋ. ವಾಪಸ್ ಬಾರದೇ ಇರೋರು ಎಷ್ಟು ಜನ?"

ಮಾಮ ಕಣ್ಣು ಮುಚ್ಚಿ ನಿಂತ. ಮುಖಗಳು ಒಂದೊಂದಾಗಿ ಬಂದವು. ಹುಬ್ಬಿನ ಮೇಲೆ ಗಾಯದ ಗುರುತಿದ್ದ ಹುಡುಗ. ಒಂದೇ ಥರ ಇದ್ದು ಒಬ್ಬಳ ಫೋಟೋ ಇನ್ನೊಬ್ಬಳ ಕವರಿಗೆ ಹೋಗಿ ಫಜೀತಿ ಆಗಿದ್ದ ಅವಳಿ ಹುಡುಗಿಯರು. ಶೀತ ಆಗಿ ಮೂಗು ಕೆಂಪಾಗಿದೆ ಅಂತ ಅತ್ತವಳು. ಪಕ್ಕದ ಟೈರ್ ಅಂಗಡಿಯವರ ಮಗಳು, ಉದ್ದ ಕತ್ತಿನವಳು. ಬಂದರು, ಬಂದರು, ಬರುತ್ತಲೇ ಇದ್ದರು. ಗುಂಗುರು ಕೂದಲಿನವನಂಥವರು ಬೆರಳೆಣಿಕೆ, ಇವರೋ ಸ್ಟುಡಿಯೋದಿಂದ ಬೀದಿವರೆಗೆ ಸಾಲು ನಿಲ್ಲುವಷ್ಟಿದ್ದರು. ಇವರಲ್ಲಿ ಒಬ್ಬರನ್ನೂ ಅವನು ಮತ್ತೆ ನೋಡಿರಲಿಲ್ಲ, ನೋಡಿಲ್ಲ ಅನ್ನುವುದು ಹೊಳೆದೂ ಇರಲಿಲ್ಲ.

ಹಾಗಂತ ಅಷ್ಟಕ್ಕೇ ಒಪ್ಪುವ ಪೈಕಿ ಅಲ್ಲ ಮಾಮ. ಸೀದಾ ಹೊರಗೆ ಹೋಗಿ ಟೈರ್ ಅಂಗಡಿಯ ಮುಂದೆ ನಿಂತ. ಅಂಗಡಿಯವರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲೇಳುತ್ತದೆ ಅಂತ ನೋಡುತ್ತಿದ್ದರು.

"ಅಣ್ಣಾ, ನಿಮ್ಮ ಮಗಳು ಎಲ್ಲಿದ್ದಾಳೆ ಈಗ?"

"ಯಾಕೆ, ಯೂನಿವರ್ಸಿಟಿಲಿ. ಇತಿಹಾಸ ಓದ್ತಿದ್ದಾಳೆ."

"ಯಾವ ಯೂನಿವರ್ಸಿಟಿ? ಸರ್ಕಾರಿದಾ?"

"ಇನ್ಯಾವುದು? ಮುಂದಿನ ವರ್ಷ ಮುಗಿಯುತ್ತೆ."

"ನನಗೆ ಹೇಳಲೇ ಇಲ್ವಲ್ಲ!"

"ನೀವು ಕೇಳಲೇ ಇಲ್ವಲ್ಲ," ಅಂದರು ಅವರು ಟ್ಯೂಬಿನಿಂದ ಕಣ್ಣು ತೆಗೆಯದೆ. "ಅಲ್ಲದೆ, ನೀವು ಯಾರಿಗೂ ಸಿಗಲ್ಲ ಸಿಗಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳ್ತಿರ್ತೀರಿ. ಮಧ್ಯೆ ಬಾಯಿ ಹಾಕೋಕೆ ನಮಗೇ ನಾಚಿಕೆ ಆಗ್ತಿತ್ತು."

ಔಷಧಿ ಅಂಗಡಿಯವರನ್ನೂ ಕೇಳಿದ. ಆ ಅವಳಿ ಹುಡುಗಿಯರು ಅವರ ತಂಗಿಯ ಮಕ್ಕಳೇ. ಒಬ್ಬಳಿಗೆ ಸಿಕ್ಕಿದೆ, ಇನ್ನೊಬ್ಬಳಿಗೆ ಕೇಳಿದ ವಿಭಾಗ ಸಿಗದೆ ಎರಡನೇ ಆಯ್ಕೆ ಸಿಕ್ಕಿದೆ, ಇಬ್ಬರೂ ಅಲ್ಲೇ ಓದುತ್ತಿದ್ದಾರೆ. ಮಾಮ ಪೆಚ್ಚು ಮೋರೆ ಹಾಕಿಕೊಂಡು ವಾಪಸ್ ಬಂದ. ಆದರೆ ಆ ಪೆಚ್ಚು ಮೋರೆಯ ಒಳಗೆ ಏನೋ ಒಂಥರಾ ಹಗುರ. ಇಷ್ಟು ದಿನ ಎದೆ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಒಂಚೂರು ಸರಿಸಿದ ಹಾಗೆ.

"ಅಕ್ಕ, ನಾಳೆ ಕೊನೇ ದಿನ. ಈಗ ಹಾಕಿದ್ರೆ ಆಗುತ್ತಾ?"

"ಯಾಕಾಗಲ್ಲ? ಆದ್ರೆ ಒಂದು ಮಾತು. ನಾನು ಅವಳ ಅರ್ಜಿ ಹತ್ರಾನೂ ಸುಳಿಯಲ್ಲ. ಮನೆಯವರು ಅರ್ಜಿ ಹಾಕಿದ್ರೆ ನಾವು ಬರೆದುಕೊಟ್ಟು ದೂರ ಕೂರಬೇಕು, ಅದು ನಿಯಮ. ನಾನು ನಿನಗೆ ಹೇಳಿದ್ದೆಲ್ಲ ಯೂನಿವರ್ಸಿಟಿ ವೆಬ್‌ಸೈಟಲ್ಲೇ ಇದೆ. ವಿಭಾಗವಾರು ಹೋದ ವರ್ಷ ಎಷ್ಟು ಜನ ಹಾಕಿದ್ರು, ಎಷ್ಟು ಜನಕ್ಕೆ ಸಿಕ್ತು, ಕೊನೇ ಸೀಟು ಎಷ್ಟು ಅಂಕಕ್ಕೆ ಹೋಯ್ತು, ಎಲ್ಲ. ಯಾರು ಬೇಕಾದ್ರೂ ನೋಡಬಹುದು. ಯಾರ ಕಾಲೂ ಹಿಡಿಯಬೇಕಾಗಿಲ್ಲ."

ಮಗಳನ್ನು ಮನೆಯಿಂದ ಕರೆಸಿದರು. ಅತ್ತೆಯನ್ನು ಕಂಡು ಅವಳ ಮುಖ ಅರಳಿತು. ಅಪ್ಪ ಅರ್ಜಿ ಮಾತೆತ್ತಿದ ಕೂಡಲೇ ಮುದುಡಿತು.

"ಹಾಕೋಣ ಕಂದಾ, ಈಗಲೇ ಕೂತು ಹಾಕೋಣ. ಎಷ್ಟು ಹೊತ್ತಾದ್ರೂ ಸರಿ," ಅಂದ ಮಾಮ.

ಅವಳು ಫೋನ್ ತೆಗೆದು ಅತ್ತೆಗೆ ಕೊಟ್ಟಳು. ಅತ್ತೆ ನೋಡಿದಳು, ಹುಬ್ಬೇರಿಸಿದಳು, ಫೋನನ್ನು ತಮ್ಮನ ಕಡೆ ತಿರುಗಿಸಿದಳು. ಅರ್ಜಿ ಆಗಲೇ ತುಂಬಿತ್ತು. ಹೆಸರು, ವಿಳಾಸ, ಅಂಕಪಟ್ಟಿ, ಸಹಿ. ಮೊದಲ ಆಯ್ಕೆ ಭೂಗರ್ಭಶಾಸ್ತ್ರ, ಎರಡನೆಯದು ಭೂಗೋಳ. ಒಂದೇ ಒಂದು ಚೌಕ ಖಾಲಿ ಇತ್ತು. ಫೋಟೋದ್ದು.

"ಇದ್ಯಾಕೆ ಹೀಗೆ ಬಿಟ್ಟಿದ್ದೀಯ?" ಅಂತ ಅತ್ತೆ ಕೇಳಿದಳು.

"ಫೋಟೋ ತೆಗಿ ಅಂತ ಅಪ್ಪನಿಗೆ ಹೇಗೆ ಹೇಳ್ಲಿ ಅತ್ತೆ? ಆಸೆ ಇಟ್ಕೋಬೇಡ ಅಂತ ದಿನಾ ಎಲ್ಲರಿಗೂ ಹೇಳೋದು ಕೇಳಿಸ್ತಿತ್ತು. ಆ ಸ್ಟೂಲ್ ಮೇಲೆ ಕೂತು ನನಗೂ ಅದನ್ನೇ ಕೇಳಿಸ್ಕೊಳ್ಳೋಕೆ ಧೈರ್ಯ ಬರಲಿಲ್ಲ."

ಕೌಂಟರಿನಲ್ಲಿದ್ದ ಹೆಂಡತಿ ಕಟರ್ ಕೆಳಗಿಟ್ಟಳು. "ಊರ ಮಕ್ಕಳ ಫೋಟೋ ಎಲ್ಲ ತೆಗೆದ್ರಿ. ಫೋಟೋ ಅಂಗಡಿಯವರ ಮಗಳ ಅರ್ಜಿ ಫೋಟೋ ಇಲ್ದೆ ನಿಂತಿದೆ. ಇದಕ್ಕಿಂತ ಇನ್ನೇನು ಬೇಕು ಹೇಳಿ?"

ಯೂನಿವರ್ಸಿಟಿ ಇವಳ ಹೆಸರನ್ನೇ ಇನ್ನೂ ಕೇಳಿಲ್ಲ. ಸೀಟು ಇಲ್ಲ ಅಂತ ಹೇಳಿದ್ದು ಇಡೀ ಲೋಕದಲ್ಲಿ ಒಬ್ಬನೇ, ಹೆತ್ತ ಅಪ್ಪ. ನೋವಾಗಬಾರದು ಅಂತ ಹೇಳಿದ್ದೇ, ಆದರೆ ಹೇಳಿದ್ದಂತೂ ಹೌದು.

"ತಪ್ಪಾಯ್ತು ಮಗಳೇ," ಅಂದ. "ಬಾ, ಕೂತ್ಕೋ."

ಅಷ್ಟು ವರ್ಷದಿಂದ ಕ್ಯಾಮೆರಾ ಹಿಡಿದವನಿಗೂ ಆವತ್ತು ಮೊದಲನೇ ಫೋಟೋ ಮಸುಕಾಯಿತು. ಎರಡನೆಯದರಲ್ಲಿ ಹುಡುಗಿ ಕಣ್ಣು ಮುಚ್ಚಿದ್ದಳು. ಮೂರನೆಯದರಲ್ಲಿ ನಕ್ಕುಬಿಟ್ಟಳು. ನಗಬಾರದು ಅಂತ ಅತ್ತೆ ಗದರಿದರೆ ಇನ್ನೂ ಜಾಸ್ತಿ ನಕ್ಕಳು, ನೋಡುತ್ತಿದ್ದ ತಾಯಿಗೂ ನಗು. ಕೊನೆಗೆ ಹೇಗೋ ಒಂದು ಸರಿಯಾದ ಫೋಟೋ ಬಂತು, ಅರ್ಜಿ ಹೋಯಿತು, ಸ್ವೀಕರಿಸಿದ್ದೇವೆ ಅನ್ನುವ ಸಂದೇಶವೂ ಬಂತು. ಅಕ್ಕನ ಫೋಟೋ ತೆಗೆಯುವುದೇ ಎಲ್ಲರಿಗೂ ಮರೆತುಹೋಗಿತ್ತು. ಅವಳು ಸಂಜೆ ಬಸ್ಸಿಗೆ ಹೊರಟಾಗ ನೆನಪಾಗಿ ಮತ್ತೆ ಎಳೆದುಕೊಂಡು ಬಂದರು.

ಹೊರಡುವಾಗ ಅಕ್ಕ ಒಂದು ಮಾತು ಹೇಳಿದ್ದಳು. "ಮೊದಲ ಪಟ್ಟೀಲಿ ಹೆಸರು ಇಲ್ಲದಿದ್ರೆ ಕೈಚೆಲ್ಲಿ ಕೂರಬೇಡಿ. ಸೀಟು ಸಿಕ್ಕಿದ ಎಷ್ಟೋ ಮಕ್ಕಳು ಬೇರೆ ಕಡೆ ಹೋಗ್ತಾರೆ, ಜಾಗ ಖಾಲಿ ಆಗುತ್ತೆ. ಎರಡನೇ ಪಟ್ಟಿ, ಮೂರನೇ ಪಟ್ಟಿ ಬರುತ್ತೆ. ಜನ ಮೊದಲನೇದು ನೋಡಿ ಅತ್ತು ಮಲಗಿಬಿಡ್ತಾರೆ, ಎರಡನೇದು ನೋಡೋದೇ ಇಲ್ಲ. ಹೆಸರು ಬಂದಿದ್ರೂ ಹೇಳಿದ ದಿನದೊಳಗೆ ಸೇರದೆ ಸೀಟು ಕಳ್ಕೊಂಡೋರು ಇದ್ದಾರೆ."

ಹೇಳಿದ್ದು ಒಳ್ಳೆಯದೇ ಆಯಿತು. ಮೊದಲ ಪಟ್ಟಿಯಲ್ಲಿ ಹುಡುಗಿಯ ಹೆಸರು ಇರಲಿಲ್ಲ.

ಮಾಮನ ಹಳೇ ಬಾಯಿ ತೆರೆಯಿತು. "ನಾನು ಹೇಳಲಿ..."

"ಆ ಮಾತು ಪೂರ್ತಿ ಮಾಡಿದ್ರೆ ನೋಡಿ ಮತ್ತೆ!" ಅಂದಳು ಹೆಂಡತಿ.

ಮಾಮ ನುಂಗಿಕೊಂಡ. ಆ ಕೆಲವು ದಿನ ಅವನಿಗೆ ಅನ್ನ ಸೇರಲಿಲ್ಲ, ಅದನ್ನು ತೋರಿಸಿಕೊಳ್ಳಲೂ ಇಲ್ಲ. ಬೇರೆ ಕಾಲೇಜುಗಳ ಅರ್ಜಿಗೆ ಅಂತ ಸ್ಟೂಲಿನ ಮೇಲೆ ಕೂತ ಮಕ್ಕಳಿಗೆ ಈಗ ಬೇರೆ ಪ್ರಶ್ನೆ ಶುರುವಾಗಿತ್ತು. "ಅಂಕಪಟ್ಟಿ ಹಾಕಿದ್ಯಾ? ಸಹಿ ಹಾಕಿದ್ಯಾ? ಎರಡನೇ ಆಯ್ಕೆ ಬರೆದ್ಯಾ?" ಗುಂಗುರು ಕೂದಲಿನವನಿಗೆ ಫೋನ್ ಮಾಡಿ ವಿಚಾರಿಸಿದ. ಆ ಹುಡುಗ ಹೋದ ವರ್ಷ ವೈದ್ಯಕೀಯ ಒಂದನ್ನೇ ಬರೆದು ಮಿಕ್ಕಿದ್ದೆಲ್ಲ ಖಾಲಿ ಬಿಟ್ಟಿದ್ದನಂತೆ. ಈ ಸಲ ಇನ್ನೆರಡು ಆಯ್ಕೆ ಸೇರಿಸಿದ್ದ. ಮೊದಲ ಪಟ್ಟಿಯಲ್ಲೇ ಪ್ರಾಣಿಶಾಸ್ತ್ರಕ್ಕೆ ಸಿಕ್ಕಿದೆ ಅಂತ ಫೋನಿನಲ್ಲೇ ಕುಣಿದ.

ಎರಡನೇ ಪಟ್ಟಿ ಬಂದ ದಿನ ಮಾಮ ಒಳಗೆ ಯಾರದ್ದೋ ಫೋಟೋ ತೆಗೆಯುತ್ತಿದ್ದ. ಹೊರಗಿನಿಂದ ಹೆಂಡತಿಯ ಕೂಗು ಕೇಳಿತು, ಅದು ಅಳುವೋ ನಗುವೋ ಗೊತ್ತಾಗಲಿಲ್ಲ. ಪರದೆ ಕಿತ್ತುಹೋಗುವ ಹಾಗೆ ಎಳೆದು ಮಗಳು ಓಡಿ ಬಂದಳು.

"ಅಪ್ಪಾ, ಸಿಕ್ತು! ಭೂಗರ್ಭಶಾಸ್ತ್ರನೇ ಸಿಕ್ತು!"

ಮಾಮ ಸ್ಟೂಲಿನ ಮೇಲಿದ್ದ ಗಿರಾಕಿಯನ್ನು ಎಬ್ಬಿಸಿ ತಾನೇ ಕೂತ. ಹೊಟ್ಟೆಗೆ ಹಾಲು ಹೊಯ್ದ ಹಾಗೆ ತಣ್ಣಗಾಯಿತು, ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ. ಎಂಥಾ ಅನಾಹುತ ತಪ್ಪಿತು! ಆ ಗುರುವಾರ ಅಕ್ಕ ಬರದೇ ಹೋಗಿದ್ದರೆ ಈ ಹೊತ್ತಿಗೆ ಮಗಳು ಬೀದಿ ಕೊನೆಯಲ್ಲಿ ಕೂತು ಬೇಡದ ಲೆಕ್ಕ ಬರೆಯುತ್ತಿದ್ದಳು, ಇವನು ಯಾರಿಗೂ ಸಿಗಲ್ಲ ಅಂತ ಸಾರುತ್ತಲೇ ಇರುತ್ತಿದ್ದ.

"ಅಪ್ಪಾ, ಸೋಮವಾರದೊಳಗೆ ಹೋಗಿ ಸೇರಬೇಕಂತೆ," ಅಂದಳು ಮಗಳು.

"ಸೋಮವಾರ ಯಾಕೆ? ನಾಳೆಯೇ ಹೋಗೋಣ," ಅಂದ ಮಾಮ. ಮರುದಿನ ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆಗೆಯಲೇ ಇಲ್ಲ.

ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಅಕ್ಕ ಅಣ್ಣಂದಿರೇ, ಇಷ್ಟು ಹೊತ್ತು ಕಥೆ ಕೇಳಿದಿರಿ, ಈಗ ಎದ್ದು ಒಂದು ಕೆಲಸ ಮಾಡಿ. ನಿಮ್ಮ ಮನೆಯ ಮಗು ಅರ್ಜಿಯನ್ನು ಅರ್ಧಕ್ಕೇ ನಿಲ್ಲಿಸಿದೆಯಾ, ಕೂರಿಸಿಕೊಂಡು ಕೇಳಿ. ಗಾಳಿಮಾತು ನಂಬಬೇಡಿ, ದಪ್ಪಕ್ಷರ ನೋಡಿ ಹೆದರಬೇಡಿ. ನಿಮ್ಮ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ನಿಮಗೆ ಬೇಕಾದ ವಿಭಾಗದ ಲೆಕ್ಕವನ್ನೇ ಹುಡುಕಿ, ಸಿಗದಿದ್ದರೆ ಸಹಾಯವಾಣಿಗೆ ಫೋನ್ ಮಾಡಿ. ಕೆಲವು ವಿಭಾಗ ಕಷ್ಟವೇ, ಅಲ್ಲಿ ಆಸೆ ಇದ್ದರೆ ಅದನ್ನೂ ಬರೆಯಿರಿ, ಜೊತೆಗೆ ಇನ್ನೆರಡು ಆಯ್ಕೆ ಬರೆಯಿರಿ. ಸೀಟು ಕೊಡಿಸ್ತೀನಿ ಅಂತ ಬರುವವರನ್ನು ಬಾಗಿಲಿನಿಂದಲೇ ಕಳಿಸಿ. ಕೊನೆಯ ಪಟ್ಟಿ ಬರುವ ತನಕ ನೋಡುತ್ತಿರಿ. ಸಿಗಬಹುದು, ಸಿಗದೇ ಇರಬಹುದು. ಆದರೆ ಇಲ್ಲ ಅನ್ನುವುದಾದರೆ ಅವರೇ ಅನ್ನಲಿ. ನಿಮ್ಮ ಮಗುವಿಗೆ ಆ ಮಾತನ್ನು ಎಲ್ಲರಿಗಿಂತ ಮೊದಲು ಹೇಳುವವರು ನೀವಾಗಬೇಡಿ.